ಗಾಡಿ ನಿಂತಿತ್ತು ಎಂದರೆ ಡ್ರೈವರ್ ಮಲಗಿದ್ದ ಎಂದಲ್ಲ: ಈ ಮಾತನ್ನು ಡಿಸ್ಪ್ಯಾಚರ್‌ಗೆ ಹೇಗೆ ಹೇಳಬೇಕು?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ದೂರದ ಮಾರ್ಗಗಳಲ್ಲಿ ಲಾರಿ ಓಡಿಸುತ್ತಿದ್ದೇನೆ. ಯಾರ ಹತ್ತಿರವೂ ಹೇಳಿಕೊಳ್ಳದ ಒಂದು ವಿಷಯವನ್ನು ಇಂದು ಅನುಭವಸ್ಥರ ಮುಂದೆ ಇಡುತ್ತಿದ್ದೇನೆ.

ಕಳೆದ ವಾರ ರಾತ್ರಿಯಿಡೀ ಓಡಿಸಿ ಬೆಳಗಿನ ಜಾವ 5 ಗಂಟೆಗೆ ಸರಕು ಇಳಿಸುವ ಗೋದಾಮಿನ ಗೇಟು ತಲುಪಿದೆ. ನನ್ನ ಸರದಿ ಬಂದದ್ದು ಮಧ್ಯಾಹ್ನ 12ರ ಸುಮಾರಿಗೆ. ನಡುವಿನ ಏಳು ಗಂಟೆಗಳಲ್ಲಿ ಸಾಲು ನಾಲ್ಕು ಸಲ ಮುಂದಕ್ಕೆ ಸರಿಯಿತು. ಪ್ರತಿ ಸಲವೂ ಎದ್ದು, ಗಾಡಿ ಸ್ಟಾರ್ಟ್ ಮಾಡಿ, ನಾಲ್ಕು ಮಾರು ಮುಂದೆ ತಂದು ನಿಲ್ಲಿಸಬೇಕಾಯಿತು. ಅದರ ಜೊತೆಗೆ ಆಫೀಸಿನಿಂದ ಮೂರು ಬೇರೆ ಬೇರೆ ದನಿಗಳಲ್ಲಿ "ಇಳಿಯಿತಾ?" ಎಂಬ ಕರೆ ಬಂತು. ನಾನು ಕಣ್ಣು ಮುಚ್ಚಿದ್ದು ಹೆಚ್ಚೆಂದರೆ ಒಂದೂವರೆ ಗಂಟೆ, ಅದೂ ತುಂಡು ತುಂಡಾಗಿ. ಸರಕು ಇಳಿಯುತ್ತಿದ್ದಂತೆ ಡಿಸ್ಪ್ಯಾಚರ್, ಅಂದರೆ ಯಾವ ಗಾಡಿ ಯಾವ ಸರಕು ಒಯ್ಯಬೇಕೆಂದು ಆಫೀಸಿನಲ್ಲಿ ಕೂತು ಗೊತ್ತುಮಾಡುವವರು, ಮುಂದಿನ ಲೋಡ್ ಹೇಳಿದರು: ಸಂಜೆ ತುಂಬಿಸಿಕೊಂಡು ಮರುದಿನ ಬೆಳಿಗ್ಗೆ 7ಕ್ಕೆ ತಲುಪಿಸಬೇಕು. "ಬೆಳಗಿನಿಂದ ಗಾಡಿ ನಿಂತೇ ಇತ್ತಲ್ಲ, ನಿಮಗೆ ವಿಶ್ರಾಂತಿ ಆಗಿದೆ" ಎಂದರು. ನಾನು "ಸರಿ" ಎಂದೆ.

ರಾತ್ರಿ ಮೂರೂವರೆಯ ಹೊತ್ತಿಗೆ ಒಂದು ಸೇತುವೆ ಬಂತು. ಅದರ ಮೊದಲ ದೀಪದ ಕಂಬ ಹಾದುಹೋದದ್ದು ನನಗೆ ನೆನಪಿದೆ. ಆಮೇಲೆ ನೆನಪಿರುವುದು ಸೇತುವೆ ದಾಟಿದ ಮೇಲೆ ಬರುವ ತಿರುವಿನ ಫಲಕ. ನಡುವೆ ಏನೂ ಇಲ್ಲ. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು, ಕಾಲು ಆಕ್ಸಿಲರೇಟರ್ ಮೇಲೆಯೇ ಇತ್ತು, ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಹೇಳಲಾರೆ. ಸಿಕ್ಕ ಮೊದಲ ಜಾಗದಲ್ಲಿ ಗಾಡಿ ನಿಲ್ಲಿಸಿ ಎರಡು ಗಂಟೆ ಮಲಗಿದೆ.

ತಲುಪಿದ್ದು ಎರಡು ಗಂಟೆ ತಡವಾಗಿ. "ದಾರಿಯಲ್ಲಿ ಗಾಡಿ ಯಾಕೆ ನಿಂತಿತ್ತು?" ಎಂದು ಕೇಳಿದಾಗ ಟೈರ್ ತೊಂದರೆ ಕೊಟ್ಟಿತು ಎಂದು ಸುಳ್ಳು ಹೇಳಿದೆ. ಸೇತುವೆಯಷ್ಟೇ ಆ ಸುಳ್ಳೂ ನನ್ನನ್ನು ಕಾಡುತ್ತಿದೆ. ನಿದ್ದೆ ಬಂದಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಲಸವನ್ನೂ ಕಳೆದುಕೊಳ್ಳದೆ, ಜಗಳವನ್ನೂ ಆಡದೆ ಈ ಮಾತನ್ನು ಹೇಗೆ ಹೇಳುವುದು?

ಹಳೇಚಕ್ರ:

ದೂರದಾರಿ ಅವರೇ, ಗಾಡಿ ನಿಲ್ಲಿಸಿ ಮಲಗಿದಿರಲ್ಲ, ಆ ರಾತ್ರಿ ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ ಅದು. ಅದಕ್ಕಾಗಿ ತಲೆ ತಗ್ಗಿಸಬೇಡಿ. ನಾನು 28 ವರ್ಷ ಓಡಿಸಿ ಈಗ ಮನೆಯಲ್ಲಿದ್ದೇನೆ. ನನ್ನ ತಿಳಿವಳಿಕೆಯ ಪ್ರಕಾರ ನೀವು ಎಡವಿದ್ದು ರಾತ್ರಿ ಮೂರೂವರೆಗೆ ಅಲ್ಲ, ಮಧ್ಯಾಹ್ನ "ಸರಿ" ಎಂದಾಗ.

ಮಧ್ಯಾಹ್ನ 12ಕ್ಕೆ ಡಿಸ್ಪ್ಯಾಚರ್ ಕೈಯಲ್ಲಿ ಇನ್ನೂ ನಾಲ್ಕು ದಾರಿಗಳಿದ್ದವು. ಬೇರೆ ಗಾಡಿ ನೋಡಬಹುದಿತ್ತು, ಸರಕು ಪಡೆಯುವವರಿಗೆ ಫೋನ್ ಮಾಡಿ ಸಮಯ ಬದಲಿಸಬಹುದಿತ್ತು, ತುಂಬಿಸುವುದನ್ನೇ ಮೂರು ಗಂಟೆ ಮುಂದಕ್ಕೆ ಹಾಕಬಹುದಿತ್ತು, ಅರ್ಧ ದಾರಿಯಲ್ಲಿ ಇನ್ನೊಬ್ಬ ಡ್ರೈವರ್‌ನನ್ನು ಹತ್ತಿಸಬಹುದಿತ್ತು. ರಾತ್ರಿ ಮೂರೂವರೆಗೆ ಅವರ ಕೈಯಲ್ಲಿ ಒಂದೂ ಉಳಿದಿರಲಿಲ್ಲ. ಹಾಗಾಗಿ ಒಂದೇ ಮಾತು ಮಧ್ಯಾಹ್ನ ಹೇಳಿದರೆ ಮಾಹಿತಿಯಾಗುತ್ತದೆ, ರಾತ್ರಿ ಹೇಳಿದರೆ ನೆಪದಂತೆ ಕೇಳಿಸುತ್ತದೆ. ನಮ್ಮ ಕಸುಬಿನಲ್ಲಿ ಎಷ್ಟೋ ಜಗಳಗಳು ಹುಟ್ಟುವುದು ಇಲ್ಲೇ.

ಇನ್ನೊಂದು ಮಾತು. "ಸುಸ್ತಾಗಿದೆ" ಎಂದು ಹೇಳಬೇಡಿ. ಸುಸ್ತು ಎನ್ನುವುದು ಎದುರಿನವರು ಚೌಕಾಶಿ ಮಾಡಬಹುದಾದ ಪದ. "ಸ್ವಲ್ಪ ಮುಖ ತೊಳೆದು ಹೊರಡಿ, ಸರಿಹೋಗುತ್ತದೆ" ಎಂಬ ಉತ್ತರ ಅವರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಗಂಟೆಯ ಲೆಕ್ಕದೊಂದಿಗೆ ಹಾಗೆ ಚೌಕಾಶಿ ಮಾಡಲಾಗದು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಹೀಗೆ ಬರೆದು ಕಳುಹಿಸುತ್ತಿದ್ದೆ: "ನಿನ್ನೆ ಮಧ್ಯಾಹ್ನ 3ಕ್ಕೆ ಎದ್ದಿದ್ದೇನೆ. ಗೋದಾಮಿನ ಸಾಲಿನಲ್ಲಿ ಒಟ್ಟು ಒಂದೂವರೆ ಗಂಟೆ ಮಾತ್ರ ನಿದ್ದೆಯಾಗಿದೆ. ಈಗ 1ಕ್ಕೆ ಮಲಗಿ ರಾತ್ರಿ 8ಕ್ಕೆ ಎದ್ದು ಲೋಡ್ ತೆಗೆದುಕೊಂಡರೆ ನಾಳೆ ಬೆಳಿಗ್ಗೆ 11ಕ್ಕೆ ತಲುಪಿಸುತ್ತೇನೆ. 7ಕ್ಕೇ ಬೇಕಿದ್ದರೆ ದಯವಿಟ್ಟು ಈಗಲೇ ಬೇರೆ ಗಾಡಿ ನೋಡಿ." ಇದರಲ್ಲಿ ಕೋಪವೂ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ತಲುಪುವ ಸಮಯವನ್ನು ನೀವೇ ಹೇಳಿದ್ದೀರಿ, ಮತ್ತು ಆ ಸಮಯದೊಳಗೆ ನಿಮ್ಮ ನಿದ್ದೆಯೂ ಸೇರಿದೆ.

ನಾಡಿಮಿಡಿತ:

ನಾನು ಪಾಳಿ ಕೆಲಸಗಾರರ ಆರೋಗ್ಯ ತಪಾಸಣೆ ಮಾಡುವ ವೈದ್ಯೆ. ಸೇತುವೆಯ ಮೇಲೆ ನಿಮಗಾದದ್ದನ್ನು ಮೈಕ್ರೋಸ್ಲೀಪ್ ಎನ್ನುತ್ತೇವೆ, ಕನ್ನಡದಲ್ಲಿ ಕ್ಷಣನಿದ್ರೆ ಎನ್ನಬಹುದು. ಒಂದೊಂದು ಕೆಲವೇ ಸೆಕೆಂಡುಗಳದ್ದು, ಆದರೆ ಒಂದರ ಹಿಂದೆ ಒಂದು ಬರಬಹುದು. ಕಣ್ಣು ತೆರೆದೇ ಇರಬಹುದು, ಮಿದುಳು ಮಾತ್ರ ನೋಡುತ್ತಿರುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಪ್ರತಿ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನ ಕ್ಷಣನಿದ್ರೆ ಎಂದರೆ ತುಂಬಿದ ಲಾರಿಯೊಂದು ಹೆಚ್ಚುಕಡಿಮೆ 90 ಮೀಟರ್ ದೂರ ಚಾಲಕನಿಲ್ಲದೆ ಹೋದಂತೆ.

ಹೊತ್ತೂ ಗಮನಿಸಬೇಕಾದದ್ದೇ. ನಮ್ಮ ದೇಹದ ಗಡಿಯಾರ ರಾತ್ರಿ 2ರಿಂದ ಬೆಳಗಿನ 6ರವರೆಗೆ ಎಚ್ಚರವನ್ನು ಅತ್ಯಂತ ಕೆಳಮಟ್ಟಕ್ಕೆ ಇಳಿಸುತ್ತದೆ. ಮಧ್ಯಾಹ್ನ ಊಟದ ನಂತರದ ಹೊತ್ತಿನಲ್ಲಿ ಇನ್ನೊಂದು ಚಿಕ್ಕ ಇಳಿತವಿದೆ. ಎಷ್ಟು ಹೊತ್ತಿನಿಂದ ಎಚ್ಚರವಿದ್ದೀರಿ ಎಂಬ ಲೆಕ್ಕ ಇದರ ಮೇಲೆ ಕೂಡುತ್ತದೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರಾದ ಡಾಸನ್ ಮತ್ತು ರೀಡ್ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಶೇ 0.10ರ ಮಟ್ಟಕ್ಕೆ ಹೋಗಿತ್ತು. ಕುಡಿದು ಓಡಿಸು ಎಂದು ಯಾವ ಆಫೀಸೂ ಹೇಳುವುದಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುವುದು ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುವ ನಿದ್ದೆ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಾರ ಕಾಲ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟೇ ಕುಸಿದಿತ್ತು. ಆದರೆ ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಅವರು ಹೇಳುತ್ತಿದ್ದರು. ಹಾಗಾಗಿ "ನನಗೆ ಏನೂ ಆಗಿಲ್ಲ, ಓಡಿಸಬಲ್ಲೆ" ಎಂಬ ನಮ್ಮದೇ ಅನಿಸಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವಂತಿಲ್ಲ. ಹಳೇಚಕ್ರ ಅವರು ಗಂಟೆಯ ಲೆಕ್ಕ ಹೇಳಿ ಎಂದದ್ದು ಈ ಕಾರಣಕ್ಕೂ ಸರಿ.

ಕರೆಗಳ ಬಗ್ಗೆ ಒಂದು ಮಾತು. ಎರಡು ನಿಮಿಷದ ಕರೆ ಎರಡು ನಿಮಿಷದ ನಿದ್ದೆಯನ್ನಷ್ಟೇ ಕಸಿಯುವುದಿಲ್ಲ. ಮತ್ತೆ ನಿದ್ದೆ ಹತ್ತಬೇಕು, ಆಳಕ್ಕೆ ಇಳಿಯಬೇಕು. ಹಗಲಿನಲ್ಲಿ ದೇಹದ ಗಡಿಯಾರವೇ ಎದುರು ನಿಂತಿರುವಾಗ ಅದು ಇನ್ನೂ ಕಷ್ಟ. ಆಳವಾದ ನಿದ್ದೆಯಿಂದ ಎಬ್ಬಿಸಿ "ಈಗಲೇ ಹೊರಡಿ" ಎಂದರೆ ಎದ್ದ ಮೇಲಿನ ಮಂಪರು ಹದಿನೈದು ನಿಮಿಷದಿಂದ ಅರ್ಧ ಗಂಟೆಯವರೆಗೆ ಉಳಿಯಬಹುದು. ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿಯಬಾರದು.

ನಕಾಶೆಯೆದುರು:

ಡಿಸ್ಪ್ಯಾಚರ್ ಆಗಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಇಲ್ಲಿ ನನ್ನ ಮೇಜಿನ ಕಡೆಯ ಮಾತನ್ನೂ ಹೇಳಬೇಕು ಅನ್ನಿಸಿತು. ತಪ್ಪಿಸಿಕೊಳ್ಳುವ ಉದ್ದೇಶ ನನಗಿಲ್ಲ.

ಒಂದು ಪಾಳಿಯಲ್ಲಿ ನನ್ನ ಪರದೆಯ ಮೇಲೆ ಮೂವತ್ತಕ್ಕೂ ಹೆಚ್ಚು ಗಾಡಿಗಳಿರುತ್ತವೆ. ನಿಂತ ಗಾಡಿ ಒಂದು ಕೆಂಪು ಚುಕ್ಕೆ. ಡ್ರೈವರ್ ಮಲಗಿದ್ದರೂ ಅದೇ ಚುಕ್ಕೆ, ಪಂಕ್ಚರ್ ಆಗಿದ್ದರೂ ಅದೇ ಚುಕ್ಕೆ, ಗೋದಾಮಿನ ಸಾಲಿನಲ್ಲಿ ನಾಲ್ಕು ಮಾರು ಸರಿಯುತ್ತಿದ್ದರೂ ಅದೇ ಚುಕ್ಕೆ. ನಿದ್ದೆ ನನಗೆ ಕಾಣಿಸುವುದಿಲ್ಲ. ನಿಮಗೆ ಮೂರು ದನಿಗಳಲ್ಲಿ ಕರೆ ಬಂತು ಎಂದಿರಲ್ಲ, ಬಹುಶಃ ರಾತ್ರಿ ಪಾಳಿಯವರು, ಬೆಳಗಿನ ಪಾಳಿಯವರು ಮತ್ತು ಗ್ರಾಹಕರಿಗೆ ಉತ್ತರ ಕೊಡುವವರು ಬೇರೆ ಬೇರೆಯಾಗಿ ಕೇಳಿದ್ದಾರೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿಲ್ಲ. ಪಾಳಿ ಬದಲಾಗುವಾಗ ಗಾಡಿಯ ವಿಷಯ ಹಸ್ತಾಂತರವಾಗುತ್ತದೆ, ಡ್ರೈವರ್‌ನ ವಿಷಯ ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಲಗುವ ಮೊದಲು ಒಂದು ಸಾಲು ಬರೆದು ಕಳುಹಿಸಿ: "ಈಗ ಮಲಗುತ್ತಿದ್ದೇನೆ, 8ಕ್ಕೆ ಎದ್ದು ನಾನೇ ಕರೆ ಮಾಡುತ್ತೇನೆ, ಅಲ್ಲಿಯವರೆಗೆ ಕರೆ ಬೇಡ." ಆ "ನಾನೇ ಕರೆ ಮಾಡುತ್ತೇನೆ" ಎಂಬ ಭಾಗವನ್ನು ಬಿಡಬೇಡಿ. ನಾವು ಕರೆ ಮಾಡುವುದು ಬಹುತೇಕ ನಮ್ಮ ದಿಗಿಲಿನಿಂದ. ಎಷ್ಟು ಹೊತ್ತಿಗೆ ಸುದ್ದಿ ಬರುತ್ತದೆ ಎಂದು ಗೊತ್ತಿದ್ದರೆ ಗ್ರಾಹಕರಿಗೆ ಉತ್ತರ ಕೊಡಲು ನನಗೂ ಒಂದು ಆಧಾರ ಸಿಗುತ್ತದೆ. ಮತ್ತು ಹೇಳಿದ ಹೊತ್ತಿಗೆ ಕರೆ ಮಾಡಿ. ಎರಡು ಸಲ ಹಾಗೆ ಮಾಡಿದ ಡ್ರೈವರ್‌ನನ್ನು ಮೂರನೆಯ ಸಲ ನಾನು ಎಬ್ಬಿಸಿದ್ದಿಲ್ಲ.

ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ ಒಬ್ಬ ಹಿರಿಯ ಡ್ರೈವರ್ ಫೋನಿನಲ್ಲಿ "ಮಗಾ, ಕಣ್ಣು ಎಳೀತಾ ಇದೆ" ಎಂದರು. ನಾನು "ಅಣ್ಣಾ, ಇದೊಂದು ಟ್ರಿಪ್ ಮುಗಿಸಿಬಿಡಿ" ಎಂದೆ. ಗಾಡಿ ರಸ್ತೆ ಬಿಟ್ಟು ಇಳಿಜಾರಿಗೆ ಹೋಯಿತು. ಅವರು ಬದುಕಿಕೊಂಡರು, ಆದರೆ ಮತ್ತೆ ಲಾರಿ ಹತ್ತಲಿಲ್ಲ. ಅಂದಿನಿಂದ "ಇದೊಂದು" ಎಂಬ ಪದವನ್ನು ನಾನು ಯಾವ ಡ್ರೈವರ್‌ಗೂ ಹೇಳಿಲ್ಲ.

ಸ್ವಂತಗಾಡಿ:

ಎಲ್ಲರೂ ಹೇಳುತ್ತಿರುವುದು ನ್ಯಾಯವಾಗಿಯೇ ಇದೆ, ಆದರೆ ತಿಂಗಳ ಸಂಬಳದವರಿಗೆ ಒಪ್ಪುವ ಮಾತು. ನನ್ನದು ಸಾಲದ ಮೇಲೆ ತೆಗೆದುಕೊಂಡ ಒಂದೇ ಗಾಡಿ. ಟ್ರಿಪ್ಪಿಗೆ ಇಷ್ಟು ಎಂದು ಬಾಡಿಗೆ. ಗೋದಾಮಿನ ಮುಂದೆ ಏಳು ಗಂಟೆ ಕಾದರೆ ಯಾರೂ ಒಂದು ಕಾಸು ಕೊಡುವುದಿಲ್ಲ, ಆ ಏಳು ಗಂಟೆಯನ್ನು ರಾತ್ರಿ ಓಡಿಸಿಯೇ ತುಂಬಿಸಿಕೊಳ್ಳಬೇಕು. "11ಕ್ಕೆ ತಲುಪಿಸುತ್ತೇನೆ" ಎಂದು ನಾನು ಬರೆದರೆ "ಪರವಾಗಿಲ್ಲ ಬಿಡಿ" ಎಂದು ಉತ್ತರ ಬರುತ್ತದೆ, ಲೋಡ್ ಪಕ್ಕದವನಿಗೆ ಹೋಗುತ್ತದೆ. ಅವನು ನನಗಿಂತ ಕಡಿಮೆ ಮಲಗಿರುತ್ತಾನೆ. ನಿದ್ದೆ ಬೇಕು ಎಂದು ನನಗೆ ಗೊತ್ತಿಲ್ಲವೆಂದಲ್ಲ. ನನ್ನ ನಿದ್ದೆಯ ಖರ್ಚನ್ನು ನಾನೊಬ್ಬನೇ ಹೊರುತ್ತಿದ್ದೇನೆ ಎಂಬುದು ನನ್ನ ಸಂಕಟ.

ಕಡತ:

ಸ್ವಂತಗಾಡಿ ಅವರ ಮಾತಿಗೆ ಮೊದಲು ಉತ್ತರಿಸಬೇಕು, ಏಕೆಂದರೆ ಈ ಚರ್ಚೆಯ ತಿರುಳು ಅಲ್ಲೇ ಇದೆ. ನಾನು ಚಾಲಕರ ಸಂಘವೊಂದರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ.

ದೂರಕ್ಕೆ ತಕ್ಕಂತೆ ಹಣ ಕೊಡುವ ಪದ್ಧತಿಯೇ ನಿದ್ದೆಯನ್ನು ತಿನ್ನುತ್ತದೆ ಎಂಬುದನ್ನು ಕಾನೂನು ಬರೆಯುವವರೂ ಗುರುತಿಸಿದ್ದಾರೆ. ಯುರೋಪಿಯನ್ ಒಕ್ಕೂಟದ 2006ರ 561ನೇ ನಿಯಮಾವಳಿಯ 10ನೇ ವಿಧಿಯು, ರಸ್ತೆ ಸುರಕ್ಷತೆಗೆ ಅಪಾಯ ತರುವ ರೀತಿಯಲ್ಲಿ ಓಡಿಸಿದ ದೂರ, ತಲುಪಿಸಿದ ವೇಗ ಅಥವಾ ಸಾಗಿಸಿದ ಸರಕಿನ ಮೊತ್ತಕ್ಕೆ ತಳಕು ಹಾಕಿ ಚಾಲಕರಿಗೆ ಹಣ ಕೊಡುವುದನ್ನು ನಿಷೇಧಿಸುತ್ತದೆ, ಬೋನಸ್ ಹೆಸರಿನಲ್ಲಿ ಕೊಟ್ಟರೂ ಸಹ. ಸಾಗಣೆಯ ವೇಳಾಪಟ್ಟಿ ವಿಶ್ರಾಂತಿಯ ನಿಯಮಕ್ಕೆ ಹೊಂದುವಂತೆ ನೋಡಿಕೊಳ್ಳುವ ಹೊಣೆಯನ್ನು ಅದೇ ವಿಧಿ ಸರಕು ಕಳುಹಿಸುವವರ ಮೇಲೂ ಮಧ್ಯವರ್ತಿಗಳ ಮೇಲೂ ಹೊರಿಸುತ್ತದೆ. ಅಲ್ಲಿನ ಲೆಕ್ಕ ಹೀಗಿದೆ: ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು, ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ, ಎರಡು ವಾರ ಸೇರಿ 90 ಗಂಟೆ ಮೀರುವಂತಿಲ್ಲ, ದಿನದ ವಿಶ್ರಾಂತಿ ಸಾಮಾನ್ಯವಾಗಿ 11 ಗಂಟೆ.

ಅಮೆರಿಕದಲ್ಲಿ ಸರಕು ಸಾಗಿಸುವವರಿಗೆ ಸತತ 10 ಗಂಟೆ ಬಿಡುವಿನ ನಂತರ 11 ಗಂಟೆ ಚಾಲನೆ, ಅದೂ ಕೆಲಸ ಶುರುವಾದ 14 ಗಂಟೆಗಳೊಳಗೆ. ಗೋದಾಮಿನಲ್ಲಿ ಕಾಯುವಾಗಲೂ ಸಾಮಾನ್ಯವಾಗಿ ಆ 14 ಗಂಟೆಯ ಗಡಿಯಾರ ಓಡುತ್ತಲೇ ಇರುತ್ತದೆ, ಹಾಗಾಗಿ ಕಾಯಿಸಿದ ಹೊತ್ತನ್ನು ರಾತ್ರಿ ತುಂಬಿಸಿಕೊಳ್ಳಲು ನಿಯಮ ಬಿಡುವುದಿಲ್ಲ. 2016ರ ಜನವರಿಯಿಂದ ಅಲ್ಲಿ ಒತ್ತಾಯವನ್ನು ತಡೆಯುವ ನಿಯಮವೂ ಜಾರಿಯಲ್ಲಿದೆ. ನಿಯಮ ಮುರಿದು ಓಡಿಸು ಎಂದು ಕಂಪನಿಯಾಗಲಿ, ಸರಕು ಕಳುಹಿಸುವವರಾಗಲಿ, ಪಡೆಯುವವರಾಗಲಿ, ನಡುವಿನ ಏಜೆಂಟರಾಗಲಿ ಚಾಲಕನನ್ನು ಬೆದರಿಸುವಂತಿಲ್ಲ. ಹಾಗೆ ಮಾಡಿದರೆ ಚಾಲಕ 90 ದಿನಗಳೊಳಗೆ ದೂರು ಕೊಡಬಹುದು. ಆದರೆ ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ: ಈ ಕೆಲಸ ಮಾಡಿದರೆ ನಿಯಮ ಮುರಿದಂತಾಗುತ್ತದೆ ಎಂದು ಚಾಲಕ ಮೊದಲೇ ಹೇಳಿರಬೇಕು. ಸುಮ್ಮನೆ "ಸರಿ" ಎಂದವನಿಗೆ ಆ ರಕ್ಷಣೆ ದಕ್ಕುವುದು ಕಷ್ಟ.

ಭಾರತದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಕೆಲಸದ ಮಿತಿಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1979ರಲ್ಲಿ ಅಂಗೀಕರಿಸಿದ 153ನೇ ಒಡಂಬಡಿಕೆ ಸತತ 4 ಗಂಟೆಗಿಂತ ಹೆಚ್ಚು ಓಡಿಸಬಾರದು, 24 ಗಂಟೆಗಳಲ್ಲಿ ಸತತ 10 ಗಂಟೆ ವಿಶ್ರಾಂತಿ ಇರಬೇಕು ಎನ್ನುತ್ತದೆ. ನೀವು ಓಡಿಸುವ ದೇಶದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿಕೊಳ್ಳಿ.

ಸ್ವಂತಗಾಡಿ ಅವರೇ, ನಿಮಗೆ ಹೇಳಬಹುದಾದದ್ದು ಇದು: ಕಾಯುವ ಗಂಟೆಗೆ ದರ ಇಲ್ಲದಿರುವವರೆಗೆ ಗೋದಾಮಿನವರಿಗೆ ನಿಮ್ಮನ್ನು ಬೇಗ ಕಳುಹಿಸುವ ತುರ್ತು ಇರುವುದಿಲ್ಲ. ಇಷ್ಟು ಗಂಟೆ ಮೀರಿದರೆ ಗಂಟೆಗಿಷ್ಟು ಎಂಬ ಒಂದು ಸಾಲನ್ನು ಬಾಡಿಗೆ ಒಪ್ಪಂದದಲ್ಲಿ ಸೇರಿಸಿ. ಒಬ್ಬರೇ ಕೇಳಿದರೆ ಸಿಗದು ಎಂಬುದು ನಿಜ, ಒಂದೇ ಮಾರ್ಗದಲ್ಲಿ ಓಡುವ ಹತ್ತು ಜನ ಒಟ್ಟಿಗೆ ಕೇಳಬೇಕು. ಗೇಟು ತಲುಪಿದ ಹೊತ್ತು ಮತ್ತು ಹೊರಬಿದ್ದ ಹೊತ್ತಿನ ಫೋಟೋ ತೆಗೆದಿಟ್ಟುಕೊಳ್ಳಿ.

ಸ್ವಂತಗಾಡಿ:

ಫೋಟೋ ತೆಗೆಯುವ ಯೋಚನೆ ನನಗೆ ಹೊಳೆದಿರಲಿಲ್ಲ. ಹತ್ತು ಜನ ಸೇರುವುದು ಸುಲಭವಲ್ಲ, ಆದರೂ ನಮ್ಮ ಮಾರ್ಗದ ಆರು ಗಾಡಿಗಳವರ ಹತ್ತಿರ ಮಾತಾಡುತ್ತೇನೆ.

ಹಳೇಚಕ್ರ:

ಮಲಗುವ ವಿಚಾರದಲ್ಲೂ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಡಿಸ್ಪ್ಯಾಚರ್ ಏಳು ಗಂಟೆ ಕೊಟ್ಟರೂ ಅದರಲ್ಲಿ ಮೂರು ಗಂಟೆ ಹಾಳು ಮಾಡಿಕೊಳ್ಳುವವರನ್ನು ನೋಡಿದ್ದೇನೆ, ಎಷ್ಟೋ ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ. ನಿಲ್ಲಿಸುವ ಜಾಗವನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಕಣ್ಣು ಎಳೆಯಲು ಶುರುವಾದ ಮೇಲೆ ಜಾಗ ಹುಡುಕಲು ಹೊರಟರೆ ಪ್ರತಿ ನಿಲ್ದಾಣವೂ ತುಂಬಿರುತ್ತದೆ, "ಇನ್ನೊಂದು ಹತ್ತು ಕಿಲೋಮೀಟರ್" ಎನ್ನುತ್ತಾ ಐವತ್ತು ಹೋಗಿರುತ್ತೀರಿ. ಸಾಲಿನಲ್ಲಿ ಕಾಯಬೇಕಾದಾಗ ಗೇಟಿನವರಿಗೆ ನಿಮ್ಮ ನಂಬರ್ ಕೊಟ್ಟು, ಸರದಿ ಹತ್ತಿರ ಬಂದಾಗ ಕರೆಯಿರಿ, ಅಲ್ಲಿಯವರೆಗೆ ಗಾಡಿಯನ್ನು ಪಕ್ಕದಲ್ಲಿ ಹಾಕಿಕೊಂಡಿರುತ್ತೇನೆ ಎಂದು ಕೇಳಿ ನೋಡಿ. ಎಲ್ಲ ಕಡೆ ಒಪ್ಪುವುದಿಲ್ಲ. ಒಪ್ಪಿದ ಕಡೆ ನಾಲ್ಕು ಗಂಟೆ ಒಂದೇ ಉಸಿರಿನಲ್ಲಿ ಮಲಗಬಹುದು.

ಫೋನನ್ನು ಪೂರ್ತಿ ಆರಿಸಲು ಮನೆಯವರ ಚಿಂತೆ ಅಡ್ಡ ಬರುತ್ತದೆ. ಮನೆಯ ಒಂದು ನಂಬರ್ ಮತ್ತು ಆಫೀಸಿನ ಒಂದೇ ಒಂದು ನಂಬರ್ ಮಾತ್ರ ರಿಂಗ್ ಆಗುವಂತೆ ಇಟ್ಟುಕೊಳ್ಳಿ. ಆ ಆಫೀಸಿನ ನಂಬರಿಗೆ ತುರ್ತು ಬಿಟ್ಟು ಬೇರೆ ಯಾವುದಕ್ಕೂ ಕರೆ ಮಾಡಬಾರದು ಎಂದು ಮೊದಲೇ ಮಾತಾಡಿಕೊಂಡಿರಬೇಕು.

ನಾಡಿಮಿಡಿತ:

ಕಾಫಿಯ ಬಗ್ಗೆ ಖಾಸಗಿಯಾಗಿ ಇಬ್ಬರು ಕೇಳಿದ್ದರಿಂದ ಇಲ್ಲೇ ಹೇಳುತ್ತೇನೆ. ಕೆಫೀನ್ ಕೆಲಸ ಶುರುಮಾಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹಾಗಾಗಿ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ ಹದಿನೈದು ನಿಮಿಷ ಮಲಗಿದರೆ ಏಳುವ ಹೊತ್ತಿಗೆ ಎರಡೂ ಒದಗುತ್ತವೆ. ಇದು ಮಲಗುವ ಜಾಗದವರೆಗೆ ತಲುಪಲು ಇರುವ ಆಸರೆ, ನಿದ್ದೆಗೆ ಬದಲಿ ಅಲ್ಲ. ಕುಡಿದ ಕೆಫೀನ್‌ನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಮಲಗುವ ಹೊತ್ತು ನೋಡಿಕೊಂಡು ಕುಡಿಯಿರಿ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ. ಇನ್ನು, ಎಂಟು ಗಂಟೆ ಮಲಗಿದರೂ ಹಗಲಿನಲ್ಲಿ ತೂಕಡಿಸುವವರು, ಜೋರಾಗಿ ಗೊರಕೆ ಹೊಡೆಯುವವರು ದಯವಿಟ್ಟು ಉಸಿರುಕಟ್ಟುವ ನಿದ್ರೆಯ ತೊಂದರೆ, ಅಂದರೆ ಸ್ಲೀಪ್ ಆಪ್ನಿಯ ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ಚಿಕಿತ್ಸೆ ಇದೆ.

ದೂರದಾರಿ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲು ಡಿಸ್ಪ್ಯಾಚರ್ ಹತ್ತಿರ ಹೋಗಿ ಟೈರಿನ ಮಾತು ಸುಳ್ಳು, ಸೇತುವೆಯ ಮೇಲೆ ಹೀಗಾಯಿತು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಂದೇ ಹೇಳಬಾರದಿತ್ತೇ?" ಎಂದರು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದವನಿಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅದಾದ ಮೇಲೆ ನಾಲ್ಕು ಸಲ ಹಳೇಚಕ್ರ ಅವರು ಹೇಳಿಕೊಟ್ಟಂತೆ ಗಂಟೆಯ ಲೆಕ್ಕ ಬರೆದು ಕಳುಹಿಸಿದ್ದೇನೆ. ಮೊದಲ ಸಲ ಲೋಡ್ ಬೇರೆಯವರಿಗೆ ಹೋಯಿತು, ಸ್ವಂತಗಾಡಿ ಅವರು ಹೇಳಿದ್ದು ಸುಳ್ಳಲ್ಲ. ಎರಡು ಸಲ ತಲುಪುವ ಸಮಯವನ್ನು ಬದಲಿಸಿಕೊಟ್ಟರು. ಅದರಲ್ಲಿ ಒಂದು ಕಡೆ ಸರಕು ಪಡೆಯುವವರಿಗೆ ಮಧ್ಯಾಹ್ನದವರೆಗೆ ಅದರ ಅಗತ್ಯವೇ ಇರಲಿಲ್ಲವಂತೆ, ಬೆಳಿಗ್ಗೆ 7 ಎಂದು ಅಭ್ಯಾಸಬಲದಿಂದ ಬರೆದಿದ್ದರಂತೆ. ನಾಲ್ಕನೆಯ ಸಲ ಹಗಲು ಪಾಳಿಯವರು ಒಪ್ಪಿದ್ದರೂ ರಾತ್ರಿ ಪಾಳಿಯವರು ಎರಡು ಸಲ ಕರೆ ಮಾಡಿ ಎಬ್ಬಿಸಿದರು. ನಕಾಶೆಯೆದುರು ಅವರೇ, ಇದಕ್ಕೇನು ಮಾಡಲಿ?

ನಕಾಶೆಯೆದುರು:

ಸಂದೇಶವನ್ನು ಒಬ್ಬರಿಗೆ ಕಳುಹಿಸಬೇಡಿ, ಎರಡೂ ಪಾಳಿಯವರು ನೋಡುವ ಗುಂಪಿಗೆ ಹಾಕಿ. ಪಾಳಿ ಬದಲಾಗುವಾಗ ಬರೆಯುವ ಪಟ್ಟಿಯಲ್ಲಿ ಗಾಡಿ ನಂಬರಿನ ಪಕ್ಕ "ಡ್ರೈವರ್ ಮಲಗಿದ್ದಾರೆ, ಇಷ್ಟು ಗಂಟೆಯವರೆಗೆ" ಎಂಬ ಒಂದು ಕಾಲಂ ಸೇರಿಸಲು ನಿಮ್ಮ ಹಗಲು ಪಾಳಿಯವರನ್ನು ಕೇಳಿ. ನಾವು ನಮ್ಮಲ್ಲಿ ಸೇರಿಸಿದ್ದೇವೆ. ಆ ಕಾಲಂ ಖಾಲಿಯಿದ್ದ ಗಾಡಿಗೆ ಮಾತ್ರ ರಾತ್ರಿ ಕರೆ ಹೋಗುತ್ತದೆ.

ದೂರದಾರಿ:

ನಾಳೆ ಬೆಳಿಗ್ಗೆಯೇ ಕೇಳುತ್ತೇನೆ. ಈಗ ರಾತ್ರಿ 9:40, ಗಾಡಿ ನಿಲ್ಲಿಸಿದ್ದೇನೆ, ಗುಂಪಿಗೆ ಸಂದೇಶ ಹಾಕಿದ್ದೇನೆ. ಬೆಳಿಗ್ಗೆ 5ಕ್ಕೆ ಎದ್ದು ನಾನೇ ಕರೆ ಮಾಡುತ್ತೇನೆ.